ಸಂತೆಯಲ್ಲಿ ಬರುವ ನಿದ್ದೆ: ನಾರ್ಕೊಲೆಪ್ಸಿಯೊಂದಿಗೆ ಬದುಕು

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಗದ್ದಲದ ನಡುವೆ ಒಬ್ಬ ಮಲಗಿಬಿಟ್ಟರೆ ಅವನಿಗೆ ಮನೆಯ ಯೋಚನೆಯೂ ಇಲ್ಲ, ನಾಳೆಯ ಯೋಚನೆಯೂ ಇಲ್ಲ ಎಂದು ನಾವು ತೀರ್ಮಾನಿಸುತ್ತೇವೆ. ಬಹಳ ಸಲ ಗಾದೆ ಸರಿಯಾಗಿಯೇ ಇರುತ್ತದೆ. ಆದರೆ ತರಗತಿಯಲ್ಲಿ, ಊಟದ ಎಲೆಯ ಮುಂದೆ, ಆಡುತ್ತಿರುವ ಮಾತಿನ ಮಧ್ಯದಲ್ಲೇ ನಿದ್ದೆಗೆ ಜಾರುವ ಕೆಲವರಿದ್ದಾರೆ. ಅವರಿಗೆ ಚಿಂತೆ ಇಲ್ಲವೆಂದಲ್ಲ. ಎಲ್ಲಿ, ಯಾರ ಮುಂದೆ ನಿದ್ದೆ ಬಂದುಬಿಡುವುದೋ ಎಂಬುದೇ ಅವರ ದಿನದ ದೊಡ್ಡ ಚಿಂತೆ. ಅವರಿಗಿರುವ ಕಾಯಿಲೆಯ ಹೆಸರು ನಾರ್ಕೊಲೆಪ್ಸಿ.

ಅರ್ಧ ಗಂಟೆಯ ಮಾತುಕತೆಯಲ್ಲಿ ಒಂದು ಕಾಯಿಲೆಯ ಲಕ್ಷಣಗಳನ್ನೂ ಚಿಕಿತ್ಸೆಯನ್ನೂ ಹೇಳುವಷ್ಟರಲ್ಲಿ ಸಮಯ ಮುಗಿಯುತ್ತದೆ. ಅದು ರೋಗಿಯ ಮನಸ್ಸಿನ ಮೇಲೆ, ಅವನ ಗೆಳೆತನ, ಓದು, ಸಂಸಾರಗಳ ಮೇಲೆ ಮಾಡುವ ಪರಿಣಾಮ ಹೇಳದೆ ಉಳಿದುಹೋಗುತ್ತದೆ. ಆ ಭಾಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ವಿದ್ಯಾರ್ಥಿಗಳಾದ ನಿಮಗೇ ಇದನ್ನು ಹೇಳಲು ಕಾರಣವಿದೆ. ಈ ಕಾಯಿಲೆ ಹೆಚ್ಚಾಗಿ 10ರಿಂದ 25 ವರ್ಷದ ಒಳಗೆ, ಅಂದರೆ ನಿಮ್ಮ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಸುಮಾರು 2000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆಂದು ಅಂದಾಜು. ದೊಡ್ಡ ಕಾಲೇಜೊಂದರಲ್ಲಿ ಅಂಥ ಒಬ್ಬ ವಿದ್ಯಾರ್ಥಿ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಪ್ಯಾರಿಸ್ಸಿನ ಪೀಪಾಯಿ ವ್ಯಾಪಾರಿ

1880ರಲ್ಲಿ ಝಾನ್ ಬಾಪ್ಟಿಸ್ಟ್ ಎಡ್ವಾರ್ ಜೆಲಿನೋ ಎಂಬ ಫ್ರೆಂಚ್ ವೈದ್ಯ ತನ್ನ ಬಳಿಗೆ ಬಂದಿದ್ದ ರೋಗಿಯೊಬ್ಬನ ವಿವರವನ್ನು ಪ್ರಕಟಿಸಿದ. ಆ ರೋಗಿಗೆ 38 ವರ್ಷ. ದ್ರಾಕ್ಷಾರಸ ತುಂಬುವ ಪೀಪಾಯಿಗಳನ್ನು ಮಾರುವುದು ಅವನ ಕಸುಬು. ದಿನಕ್ಕೆ ಎಷ್ಟೋ ಸಲ ಅವನಿಗೆ ತಡೆಯಲಾಗದ ನಿದ್ದೆ ಬರುತ್ತಿತ್ತು. ಊಟದ ನಡುವೆಯೂ ಅವನನ್ನು ಎಬ್ಬಿಸಬೇಕಾಗುತ್ತಿತ್ತು. ನಿದ್ದೆಯ ಜೊತೆಗೆ ಇನ್ನೊಂದು ವಿಚಿತ್ರವೂ ಇತ್ತು. ಜೋರಾಗಿ ನಕ್ಕರೆ, ಅಥವಾ ಒಳ್ಳೆಯ ವ್ಯಾಪಾರ ಕುದುರುತ್ತದೆ ಎಂಬ ಸಂತೋಷ ಮೂಡಿದರೆ, ಅವನ ಕಾಲುಗಳು ಸೋತು ಮಡಿಚಿಕೊಳ್ಳುತ್ತಿದ್ದವು. ಇಸ್ಪೀಟು ಆಡುವಾಗ ಕೈಗೆ ಒಳ್ಳೆಯ ಎಲೆಗಳು ಬಂದರೆ ಮೈ ಅಲ್ಲಾಡಿಸಲು ಆಗುತ್ತಿರಲಿಲ್ಲ.

ಜೆಲಿನೋ ಈ ಸ್ಥಿತಿಗೆ ಗ್ರೀಕ್ ಮೂಲದ ಪದಗಳನ್ನು ಸೇರಿಸಿ ‘ನಾರ್ಕೊಲೆಪ್ಸಿ’ ಎಂದು ಹೆಸರಿಟ್ಟ. ಜಡತೆ ಬಂದು ಹಿಡಿದುಕೊಳ್ಳುವುದು ಎಂದು ಅದರ ಅರ್ಥ. ಜರ್ಮನಿಯ ವೈದ್ಯ ವೆಸ್ಟ್‌ಫಾಲ್ 1877ರಲ್ಲೇ ಇಂಥ ರೋಗಿಗಳನ್ನು ಕುರಿತು ಬರೆದಿದ್ದ. ಆದರೆ ಅದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿ ಹೆಸರು ಕೊಟ್ಟವನು ಜೆಲಿನೋ.

ಹೆಸರು ಬಂದರೂ ಕಾರಣ ತಿಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನ ವರ್ಷಗಳಲ್ಲಿ ಕೆಲವು ಮನೋವಿಶ್ಲೇಷಕರು, ರೋಗಿ ತನಗೆ ಬೇಡವಾದ ಬದುಕಿನಿಂದ ನಿದ್ದೆಯೊಳಗೆ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ವಿವರಿಸಿದರು. ತಪ್ಪು ರೋಗಿಯ ಮನಸ್ಸಿನದೇ ಎಂದಾಯಿತು. ಮನೆಯವರೂ ನೆರೆಯವರೂ ಸೋಮಾರಿತನ ಎಂದು ಕರೆದದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಕನಸಿನ ನಿದ್ದೆ ಹಗಲಿಗೆ ನುಗ್ಗಿದಾಗ

1953ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಮಲಗಿದವರ ಕಣ್ಣುಗುಡ್ಡೆಗಳು ರಾತ್ರಿಯ ಕೆಲವು ಅವಧಿಗಳಲ್ಲಿ ರೆಪ್ಪೆಯ ಕೆಳಗೆ ವೇಗವಾಗಿ ಚಲಿಸುತ್ತವೆ. ಆಗ ಎಬ್ಬಿಸಿದರೆ ಹೆಚ್ಚಿನವರು ಕನಸು ಕಾಣುತ್ತಿದ್ದೆವು ಎನ್ನುತ್ತಾರೆ. ಈ ಹಂತಕ್ಕೆ ‘ರೆಮ್ ನಿದ್ರೆ’ ಎಂಬ ಹೆಸರು ಬಂತು. ಕನಸಿನ ನಿದ್ದೆ ಎಂದು ಕರೆದರೆ ನಮಗೆ ಸುಲಭ. ಈ ಹಂತದಲ್ಲಿ ಉಸಿರಾಟದ ಮುಖ್ಯ ಸ್ನಾಯು ಮತ್ತು ಕಣ್ಣಿನ ಸ್ನಾಯುಗಳನ್ನು ಬಿಟ್ಟರೆ ಮೈಯ ಸ್ನಾಯುಗಳೆಲ್ಲ ಸಡಿಲಗೊಂಡಿರುತ್ತವೆ. ಕನಸಿನಲ್ಲಿ ಓಡಿದರೂ ನಾವು ಹಾಸಿಗೆಯಿಂದೆದ್ದು ಓಡದಿರುವುದು ಇದರಿಂದಲೇ.

ಸಾಮಾನ್ಯವಾಗಿ ನಿದ್ದೆ ಹತ್ತಿದ ಸುಮಾರು ಒಂದೂವರೆ ಗಂಟೆಯ ಮೇಲೆ ಕನಸಿನ ನಿದ್ದೆ ಬರುತ್ತದೆ. ನಾರ್ಕೊಲೆಪ್ಸಿ ಇರುವವರಲ್ಲಿ ಅದು ಹದಿನೈದು ನಿಮಿಷದೊಳಗೇ ಬರುವುದುಂಟು ಎಂದು 1960ರಿಂದ ಈಚೆಗೆ ತಿಳಿಯಿತು. ಅಲ್ಲಿಗೆ ಲಕ್ಷಣಗಳೆಲ್ಲ ಒಂದಕ್ಕೊಂದು ಹೊಂದಿಕೊಂಡವು. ಎಚ್ಚರವಾಗಿರುವಾಗಲೇ ಸ್ನಾಯುಗಳು ಸಡಿಲಗೊಂಡರೆ ಅದು ‘ಕ್ಯಾಟಪ್ಲೆಕ್ಸಿ’. ಪೀಪಾಯಿ ವ್ಯಾಪಾರಿಯ ಕಾಲು ಸೋಲುತ್ತಿದ್ದುದು ಹೀಗೆ. ಪೂರ್ತಿ ನಿದ್ದೆ ಹತ್ತುವ ಮೊದಲೇ ಕನಸು ನುಗ್ಗಿದರೆ ಕೋಣೆಯಲ್ಲಿ ಯಾರೋ ನಿಂತಂತೆ, ಮಾತನಾಡಿದಂತೆ ಭಾಸವಾಗುತ್ತದೆ. ಎಚ್ಚರವಾದ ಮೇಲೂ ಸಡಿಲಿಕೆ ಉಳಿದರೆ ಕೆಲವು ಕ್ಷಣ ಕೈಕಾಲು ಆಡುವುದಿಲ್ಲ. ಎದೆಯ ಮೇಲೆ ದೆವ್ವ ಕುಳಿತಿತ್ತು ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವ ಅನುಭವ ಇದೇ. ಆರೋಗ್ಯವಂತರಿಗೂ ಇದು ಒಮ್ಮೊಮ್ಮೆ ಆಗುತ್ತದೆ. ಈ ರೋಗಿಗಳಲ್ಲಿ ಅನೇಕರಿಗೆ ಮತ್ತೆ ಮತ್ತೆ ಆಗುತ್ತದೆ.

ನಾಯಿಗಳಿಂದ ಸಿಕ್ಕ ಸುಳಿವು

ಕಾರಣವನ್ನು ಹುಡುಕಲು ನೆರವಾದದ್ದು ನಾಯಿಗಳು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡಿಮೆಂಟ್ ಮತ್ತು ಸಂಗಡಿಗರು ಇದೇ ಲಕ್ಷಣಗಳಿದ್ದ ನಾಯಿಗಳನ್ನು ಸಾಕತೊಡಗಿದರು. ಡಾಬರ್‌ಮನ್ ಮತ್ತು ಲ್ಯಾಬ್ರಡಾರ್ ತಳಿಗಳ ಕೆಲವು ನಾಯಿಗಳಲ್ಲಿ ಈ ಕಾಯಿಲೆ ವಂಶಪಾರಂಪರ್ಯವಾಗಿ ಬರುತ್ತಿತ್ತು. ಇಷ್ಟವಾದ ತಿನಿಸಿನ ತುಣುಕುಗಳನ್ನು ಸಾಲಾಗಿ ಇಟ್ಟರೆ ಬೇರೆ ನಾಯಿಗಳು ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತಿದ್ದವು. ಈ ನಾಯಿಗಳು ತಿನಿಸು ಕಂಡ ಸಂತೋಷಕ್ಕೇ ಕಾಲು ಸೋತು ಬೀಳುತ್ತಿದ್ದವು, ಏಳುತ್ತಿದ್ದವು, ಮತ್ತೆ ಬೀಳುತ್ತಿದ್ದವು. ನಾಯಿಗೆ ಪರೀಕ್ಷೆಯ ಭಯವಿಲ್ಲ, ಕೆಲಸ ತಪ್ಪಿಸಿಕೊಳ್ಳುವ ಉಪಾಯವೂ ಬೇಕಿಲ್ಲ. ಇದು ದೇಹದ ಕಾಯಿಲೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿರಲಿಲ್ಲ.

1998ರಲ್ಲಿ ಎರಡು ಸಂಶೋಧಕ ತಂಡಗಳು ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ತಯಾರಾಗುವ ಹೊಸ ರಾಸಾಯನಿಕವನ್ನು ಬೇರೆಬೇರೆಯಾಗಿ ಕಂಡುಹಿಡಿದವು. ಒಂದು ತಂಡ ಅದನ್ನು ‘ಒರೆಕ್ಸಿನ್’ ಎಂದೂ ಇನ್ನೊಂದು ‘ಹೈಪೊಕ್ರೆಟಿನ್’ ಎಂದೂ ಕರೆಯಿತು. ಮರುವರ್ಷ ಸ್ಟ್ಯಾನ್‌ಫರ್ಡ್‌ನ ಎಮ್ಯಾನುಯೆಲ್ ಮಿನ್ಯೋ ಅವರ ತಂಡ, ಈ ರಾಸಾಯನಿಕವನ್ನು ಸ್ವೀಕರಿಸುವ ಗ್ರಾಹಕದ ವಂಶವಾಹಿ ಆ ನಾಯಿಗಳಲ್ಲಿ ಕೆಟ್ಟಿದೆ ಎಂದು ತೋರಿಸಿತು. ಅದೇ 1999ರಲ್ಲಿ ಮಸಾಶಿ ಯಾನಾಗಿಸಾವಾ ಅವರ ತಂಡ, ಒರೆಕ್ಸಿನ್ ಇಲ್ಲದ ಇಲಿಗಳಲ್ಲೂ ಇದೇ ಕಾಯಿಲೆ ಬರುವುದನ್ನು ಕಂಡಿತು. 2000ದಲ್ಲಿ ಮನುಷ್ಯರ ವಿಷಯವೂ ತಿಳಿಯಿತು. ತೀರಿಹೋದ ರೋಗಿಗಳ ಮಿದುಳನ್ನು ಪರೀಕ್ಷಿಸಿದಾಗ ಒರೆಕ್ಸಿನ್ ತಯಾರಿಸುವ ನರಕೋಶಗಳಲ್ಲಿ ಶೇಕಡ 85ರಿಂದ 95ರಷ್ಟು ಇಲ್ಲವಾಗಿದ್ದವು. ಕೋಟಿಕೋಟಿ ನರಕೋಶಗಳಿರುವ ಮಿದುಳಿನಲ್ಲಿ ಈ ಕೆಲಸ ಮಾಡುವವು ಸುಮಾರು 70,000 ಮಾತ್ರ. ಅವು ಹೋದರೆ ಎಚ್ಚರದ ಆಧಾರವೇ ಹೋಗುತ್ತದೆ. ಮಿನ್ಯೋ ಮತ್ತು ಯಾನಾಗಿಸಾವಾ ಅವರಿಗೆ 2023ರ ಬ್ರೇಕ್‌ಥ್ರೂ ಪ್ರಶಸ್ತಿ ಈ ಕೆಲಸಕ್ಕಾಗಿ ದೊರೆಯಿತು.

ಒರೆಕ್ಸಿನ್ ಮಾಡುವ ಕೆಲಸವನ್ನು ಬಾಗಿಲ ಚಿಲಕಕ್ಕೆ ಹೋಲಿಸಬಹುದು. ಹಗಲು ಎಚ್ಚರದ ಬಾಗಿಲನ್ನು ಅದು ಭದ್ರವಾಗಿ ಹಿಡಿದಿರುತ್ತದೆ. ಚಿಲಕವಿಲ್ಲದ ಬಾಗಿಲು ಗಾಳಿ ಬೀಸಿದಾಗೆಲ್ಲ ತೆರೆದು ಮುಚ್ಚುವಂತೆ ಈ ರೋಗಿಗಳು ಹಗಲಿನಲ್ಲಿ ನಿದ್ದೆಗೆ ಜಾರುತ್ತಾರೆ, ರಾತ್ರಿಯಲ್ಲಿ ಮತ್ತೆ ಮತ್ತೆ ಎಚ್ಚರಗೊಳ್ಳುತ್ತಾರೆ. ದಿನದ 24 ಗಂಟೆಯ ಒಟ್ಟು ಲೆಕ್ಕ ಹಾಕಿದರೆ ಅವರಲ್ಲಿ ಹೆಚ್ಚಿನವರು ನಿಮಗಿಂತ ಬಹಳ ಹೆಚ್ಚೇನೂ ಮಲಗಿರುವುದಿಲ್ಲ. ‘ಕುಂಭಕರ್ಣ’ ಎಂದು ಕರೆಯುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ಆ ನರಕೋಶಗಳನ್ನು ನಾಶಮಾಡುವುದು ದೇಹದ ರೋಗನಿರೋಧಕ ವ್ಯವಸ್ಥೆಯೇ ಎಂದು ಈಗ ಬಹುಪಾಲು ವಿಜ್ಞಾನಿಗಳು ನಂಬುತ್ತಾರೆ. ಒಂದು ನಿರ್ದಿಷ್ಟ ವಂಶವಾಹಿ ಇರುವವರಲ್ಲಿ ಸಾಧ್ಯತೆ ಹೆಚ್ಚು. ಆದರೆ ಆ ವಂಶವಾಹಿ ಇರುವವರಲ್ಲಿ ಬಹುತೇಕರಿಗೆ ಈ ಕಾಯಿಲೆ ಎಂದೂ ಬರುವುದಿಲ್ಲ. ತಂದೆತಾಯಿಯರ ತಪ್ಪಿನಿಂದಾಗಲಿ ಬೆಳೆಸಿದ ರೀತಿಯಿಂದಾಗಲಿ ಇದು ಬರುವುದಿಲ್ಲ.

ತರಗತಿಯ ಹಿಂದಿನ ಬೆಂಚು

ಕಾರಣ ತಿಳಿದಿದ್ದರೂ ರೋಗಿಗೆ ರೋಗದ ಹೆಸರು ತಿಳಿಯುವುದು ತಡವಾಗಿ. ಮೊದಲ ಲಕ್ಷಣ ಕಂಡ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ವರ್ಷಗಳ ಮೇಲೆ ರೋಗ ಪತ್ತೆಯಾಗುವುದು ಹಲವು ದೇಶಗಳ ಅನುಭವ. ಹನ್ನೆರಡನೆಯ ವಯಸ್ಸಿನಲ್ಲಿ ಶುರುವಾದ ಕಾಯಿಲೆ ಇಪ್ಪತ್ತೆರಡಕ್ಕೆ ತಿಳಿದರೆ, ಆ ಹುಡುಗನ ಪ್ರೌಢಶಾಲೆ, ಪಿ.ಯು.ಸಿ., ಪದವಿ ಎಲ್ಲವೂ ‘ಸೋಮಾರಿ’ ಎಂಬ ಹೆಸರಿನಲ್ಲೇ ಕಳೆದಿರುತ್ತವೆ.

ಅವನ ನೋಟ್ ಪುಸ್ತಕವನ್ನು ಊಹಿಸಿಕೊಳ್ಳಿ. ಮೊದಲ ಮೂರು ಸಾಲು ದುಂಡಾದ ಅಕ್ಷರ. ನಾಲ್ಕನೆಯ ಸಾಲು ಓರೆ. ಐದನೆಯದರಲ್ಲಿ ಪಾಠಕ್ಕೆ ಸಂಬಂಧವಿಲ್ಲದ ಪದಗಳು, ಮುಂದೆ ಬರೀ ಗೀಟು. ಅರೆನಿದ್ದೆಯಲ್ಲೂ ಕೈ ತನ್ನ ಕೆಲಸ ಮುಂದುವರಿಸಿರುತ್ತದೆ. ಇದೂ ಈ ಕಾಯಿಲೆಯ ಒಂದು ಲಕ್ಷಣ. ಪುಸ್ತಕ ನೋಡಿದ ಮೇಷ್ಟ್ರಿಗೆ ಕಾಣುವುದು ಅಶ್ರದ್ಧೆ. ಚಿಕ್ಕ ಮಕ್ಕಳಲ್ಲಿ ಕ್ಯಾಟಪ್ಲೆಕ್ಸಿ ಮುಖದಲ್ಲಿ ಮೊದಲು ಕಾಣಿಸಬಹುದು. ರೆಪ್ಪೆ ಇಳಿಬೀಳುತ್ತದೆ, ಬಾಯಿ ತೆರೆದುಕೊಳ್ಳುತ್ತದೆ, ನಾಲಿಗೆ ಹೊರಬರುತ್ತದೆ. ನೋಡಿದವರು ಮಗು ಅಣಕಿಸುತ್ತಿದೆ ಎಂದುಕೊಳ್ಳುತ್ತಾರೆ. ಕಾಯಿಲೆ ಶುರುವಾದಾಗ ಅನೇಕ ಮಕ್ಕಳ ತೂಕ ಬೇಗ ಏರುವುದೂ ಉಂಟು. ಆಗ ‘ತಿನ್ನುವುದು, ಮಲಗುವುದು ಎರಡೇ ಕೆಲಸ’ ಎಂಬ ಮಾತು ಸೇರಿಕೊಳ್ಳುತ್ತದೆ.

ಹೊರಗಿನಿಂದ ದಿನವೂ ಬರುವ ಮಾತನ್ನು ಮಗು ಕೊನೆಗೆ ತಾನೇ ನಂಬುತ್ತದೆ. ಈ ಕಾಯಿಲೆಯ ದೊಡ್ಡ ಹಾನಿ ಇದು. ಉಳಿದವರು ಅನಾಯಾಸವಾಗಿ ಎಚ್ಚರವಾಗಿರುವಾಗ, ತಾನು ತೊಡೆ ಚಿವುಟಿಕೊಂಡು, ಮುಖಕ್ಕೆ ನೀರೆರಚಿಕೊಂಡು, ನಿಂತುಕೊಂಡು ಪ್ರಯತ್ನಿಸಿದರೂ ಆಗುತ್ತಿಲ್ಲ ಎಂದರೆ ತನ್ನಲ್ಲೇ ಏನೋ ಕೊರತೆ ಇದೆ ಎಂದು ಅದಕ್ಕೆ ಅನಿಸುತ್ತದೆ. ನಾರ್ಕೊಲೆಪ್ಸಿ ಇರುವವರಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ವೈದ್ಯರು ಕೊನೆಗೆ ಕಾಯಿಲೆಯ ಹೆಸರು ಹೇಳಿದಾಗ ಎಷ್ಟೋ ರೋಗಿಗಳಿಗೆ ದುಃಖಕ್ಕಿಂತ ಮೊದಲು ಸಮಾಧಾನವಾಗುವುದು ಇದರಿಂದಲೇ. ತಪ್ಪು ತನ್ನದಲ್ಲ ಎಂದು ಮೊದಲ ಸಲ ಒಬ್ಬರು ಹೇಳಿದಂತಾಗುತ್ತದೆ.

ನಗುವಿಗೆ ಹೆದರುವವರು

‘ಬಿದ್ದು ಬಿದ್ದು ನಕ್ಕೆವು’ ಎಂದು ನಾವು ಮಾತಿಗೆ ಹೇಳುತ್ತೇವೆ. ಕ್ಯಾಟಪ್ಲೆಕ್ಸಿ ಇರುವವರಿಗೆ ಇದು ಅಕ್ಷರಶಃ ನಿಜ. ನಗು, ಅಚ್ಚರಿ, ಗೆದ್ದ ಸಂತೋಷ, ಕೆಲವೊಮ್ಮೆ ಸಿಟ್ಟು ಇವು ಬಂದಾಗ ಕತ್ತು ವಾಲುತ್ತದೆ, ಮಾತು ತೊದಲುತ್ತದೆ, ಕೈಯಲ್ಲಿದ್ದ ಲೋಟ ಜಾರುತ್ತದೆ, ಮಂಡಿ ಕುಸಿಯುತ್ತದೆ. ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳಲ್ಲಿ ಎಲ್ಲ ಸರಿಹೋಗುತ್ತದೆ.

ಇಲ್ಲಿ ಒಂದು ಅಂಶವನ್ನು ಮುಖ್ಯವಾಗಿ ಗಮನಿಸಬೇಕು. ಕ್ಯಾಟಪ್ಲೆಕ್ಸಿಯಲ್ಲಿ ಪ್ರಜ್ಞೆ ತಪ್ಪುವುದಿಲ್ಲ. ಬಿದ್ದವನಿಗೆ ಸುತ್ತಲಿನ ಪ್ರತಿಯೊಂದು ಮಾತೂ ಕೇಳಿಸುತ್ತಿರುತ್ತದೆ. ‘ನಾಟಕ ಮಾಡುತ್ತಿದ್ದಾನೆ’ ಎಂಬುದೂ ಕೇಳಿಸುತ್ತದೆ, ‘ಫಿಟ್ಸ್ ಇರಬೇಕು, ದೂರ ಸರಿಯಿರಿ’ ಎಂಬುದೂ ಕೇಳಿಸುತ್ತದೆ. ಉತ್ತರ ಕೊಡಲು ಮಾತ್ರ ನಾಲಿಗೆ ಏಳುವುದಿಲ್ಲ. ‘ನಾನ್ ಸಿಗಪ್ಪು ಮನಿದನ್’ ಎಂಬ 2014ರ ತಮಿಳು ಚಿತ್ರದ ನಾಯಕನಿಗೆ ನಾರ್ಕೊಲೆಪ್ಸಿ ಇದೆ. ಭಾವೋದ್ರೇಕವಾದರೆ ಸಾಕು, ಅವನು ಇದ್ದಲ್ಲೇ ನಿದ್ದೆಹೋಗುತ್ತಾನೆ. ಕಾಯಿಲೆಯ ಹೆಸರನ್ನು ಜನರಿಗೆ ಮುಟ್ಟಿಸಿದ್ದು ಆ ಚಿತ್ರದ ಉಪಯೋಗ. ಆದರೆ ನಿಜಜೀವನದಲ್ಲಿ ಭಾವನೆ ಉಕ್ಕಿದಾಗ ಸಾಮಾನ್ಯವಾಗಿ ಸೋಲುವುದು ಸ್ನಾಯು. ಮನಸ್ಸು ಎಚ್ಚರವಾಗಿಯೇ ಇರುತ್ತದೆ.

ಇದರ ಪರಿಣಾಮವೇನು? ರೋಗಿ ನಗುವನ್ನೇ ತಪ್ಪಿಸತೊಡಗುತ್ತಾನೆ. ತಮಾಷೆಯ ಗೆಳೆಯರ ಗುಂಪಿನಿಂದ ದೂರ ಕೂರುತ್ತಾನೆ. ಮದುವೆಮನೆಗೆ, ಆಟದ ಮೈದಾನಕ್ಕೆ, ಕಾಲೇಜಿನ ಪ್ರವಾಸಕ್ಕೆ ಹೋಗುವುದಿಲ್ಲ. ಒಳ್ಳೆಯ ಸುದ್ದಿ ಕೇಳಿದರೂ ಮುಖ ಬಿಗಿಹಿಡಿಯುತ್ತಾನೆ. ಕಂಡವರು ‘ಅಹಂಕಾರ’ ಎನ್ನುತ್ತಾರೆ, ‘ಯಾರೊಂದಿಗೂ ಬೆರೆಯುವುದಿಲ್ಲ’ ಎನ್ನುತ್ತಾರೆ. ಮನುಷ್ಯರು ಪರಸ್ಪರ ಹತ್ತಿರವಾಗುವುದೇ ಒಟ್ಟಿಗೆ ನಗುವುದರಿಂದ. ಆ ದಾರಿಯೇ ಅವನಿಗೆ ಅಪಾಯದ ದಾರಿಯಾಗಿಬಿಡುತ್ತದೆ. ಎಲ್ಲ ರೋಗಿಗಳಲ್ಲೂ ಕ್ಯಾಟಪ್ಲೆಕ್ಸಿ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಹಗಲುನಿದ್ದೆ ಮಾತ್ರ ಇರುವ ಎರಡನೆಯ ವಿಧವೂ ಇದೆ. ಆದರೆ ಹಗಲುನಿದ್ದೆಯೊಂದೇ ಮನುಷ್ಯನನ್ನು ಒಂಟಿ ಮಾಡಲು ಸಾಕು. ಸಿನಿಮಾಕ್ಕೆ ಕರೆದುಕೊಂಡು ಹೋದ ಗೆಳೆಯ ಪ್ರತಿಸಲವೂ ನಿದ್ದೆಹೋದರೆ ಮುಂದಿನ ಸಲ ಅವನನ್ನು ಕರೆಯುವುದಿಲ್ಲ.

ಮನೆ ಮತ್ತು ಕೆಲಸ

ಮುಸ್ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಮಲಗಿದವರನ್ನು ನಮ್ಮ ಮನೆಗಳಲ್ಲಿ ಎಬ್ಬಿಸುತ್ತಾರೆ. ಹೆಣ್ಣುಮಕ್ಕಳು ಹಗಲಲ್ಲಿ ಮಲಗಿದರೆ ಬರುವ ಮಾತುಗಳು ಇನ್ನೂ ಬಿರುಸು. ಹೊಸದಾಗಿ ಮದುವೆಯಾಗಿ ಬಂದವಳು ಒಲೆಯ ಮುಂದೆ ತೂಕಡಿಸಿದರೆ ಅದನ್ನು ಕಾಯಿಲೆ ಎಂದು ಯೋಚಿಸುವ ಅತ್ತೆಯರು ಕಡಿಮೆ. ರಾತ್ರಿ ಯಾರೋ ನಿಂತಂತೆ ಕಾಣುತ್ತದೆ ಎಂದು ಬಾಯಿಬಿಟ್ಟರೆ ತಾಯಿತ, ಮಂತ್ರವಾದಿಗಳ ಕಡೆಗೆ ಹೊರಡುತ್ತಾರೆ. ಕೆಲವರಿಗೆ ಮಾನಸಿಕ ರೋಗವೆಂದೋ ಮೂರ್ಛೆರೋಗವೆಂದೋ ತಪ್ಪು ಚಿಕಿತ್ಸೆ ನಡೆದದ್ದೂ ಉಂಟು. ಹೀಗಾಗಿ ಅನೇಕರು ಮುಚ್ಚಿಡುವುದೇ ಮೇಲೆಂದು ತೀರ್ಮಾನಿಸುತ್ತಾರೆ.

ಕೆಲಸದಲ್ಲಿಯೂ ತೊಂದರೆ ತಪ್ಪಿದ್ದಲ್ಲ. ವಾಹನ ಓಡಿಸುವುದು, ಎತ್ತರದಲ್ಲಿ ನಿಂತು ದುಡಿಯುವುದು, ತಿರುಗುವ ಯಂತ್ರಗಳ ಪಕ್ಕ ಕೆಲಸ ಮಾಡುವುದು ಚಿಕಿತ್ಸೆ ಇಲ್ಲದ ರೋಗಿಗೆ ಅಪಾಯಕರ. ಒಬ್ಬರೇ ಈಜುವುದೂ ಸಲ್ಲದು. ಆದರೆ ರೋಗವನ್ನು ಅರಿತು, ಚಿಕಿತ್ಸೆ ಪಡೆದು, ತಮಗೆ ಹೊಂದುವ ಕೆಲಸ ಆರಿಸಿಕೊಂಡು ಚೆನ್ನಾಗಿ ಬದುಕುವವರೂ ಇದ್ದಾರೆ. ಬುದ್ಧಿಶಕ್ತಿಗೆ ಈ ಕಾಯಿಲೆಯಿಂದ ಕುಂದಿಲ್ಲ.

ಪತ್ತೆ ಮತ್ತು ಚಿಕಿತ್ಸೆ

ತರಗತಿಯಲ್ಲಿ ತೂಕಡಿಸುವವರೆಲ್ಲ ನಾರ್ಕೊಲೆಪ್ಸಿ ರೋಗಿಗಳಲ್ಲ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಮಧ್ಯರಾತ್ರಿಯವರೆಗೆ ಮೊಬೈಲು, ಬೆಳಗಿನ ಐದಕ್ಕೆ ಟ್ಯೂಷನ್ ಎಂದಾದರೆ ಯಾರಾದರೂ ತೂಕಡಿಸುತ್ತಾರೆ. ರಕ್ತಹೀನತೆ, ಥೈರಾಯಿಡ್ ತೊಂದರೆ, ಗೊರಕೆಯ ಜೊತೆ ಉಸಿರು ತಡೆಯುವ ಕಾಯಿಲೆ ಇವೂ ಕಾರಣವಾಗಬಹುದು. ಸಾಕಷ್ಟು ಮಲಗಿದರೂ ಮೂರು ತಿಂಗಳಿಗಿಂತ ಹೆಚ್ಚುಕಾಲ ಹಗಲುನಿದ್ದೆ ಕಾಡಿದರೆ, ಅಥವಾ ನಕ್ಕಾಗ ಕೈಕಾಲು ಸೋತರೆ, ನರರೋಗ ತಜ್ಞರನ್ನು ಕಾಣಬೇಕು. ರಾತ್ರಿಯಿಡೀ ಪ್ರಯೋಗಾಲಯದಲ್ಲಿ ನಿದ್ದೆಯನ್ನು ಅಳೆದು, ಮರುದಿನ ಎರಡೆರಡು ಗಂಟೆಗೊಮ್ಮೆ ಐದು ಸಲ ಮಲಗಲು ಹೇಳುತ್ತಾರೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಎರಡು ಸಲವಾದರೂ ಕನಸಿನ ನಿದ್ದೆ ಬೇಗ ಬಂದರೆ ನಾರ್ಕೊಲೆಪ್ಸಿ ಎಂಬ ತೀರ್ಮಾನಕ್ಕೆ ಬಲವಾದ ಆಧಾರ ಸಿಕ್ಕಂತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಅಧ್ಯಯನಕ್ಕೆ ಪ್ರಯೋಗಾಲಯವಿದೆ.

ಕಳೆದುಹೋದ ನರಕೋಶಗಳನ್ನು ಮರಳಿ ತರುವ ಔಷಧ ಇಲ್ಲ. ಆದರೆ ಮೊಡಾಫಿನಿಲ್‌ನಂಥ ಮಾತ್ರೆಗಳು ಹಗಲಿನ ಎಚ್ಚರಕ್ಕೆ ನೆರವಾಗುತ್ತವೆ. ಖಿನ್ನತೆಗೆ ಕೊಡುವ ಕೆಲವು ಔಷಧಗಳು ಕ್ಯಾಟಪ್ಲೆಕ್ಸಿಯನ್ನು ತಗ್ಗಿಸುತ್ತವೆ. ಇವನ್ನು ವೈದ್ಯರ ಸಲಹೆಯಿಲ್ಲದೆ, ಪರೀಕ್ಷೆಗೆ ಓದಲೆಂದು ಯಾರೂ ನುಂಗಬಾರದು. ಗೊತ್ತಾದ ಹೊತ್ತಿನಲ್ಲಿ 15–20 ನಿಮಿಷ ಮಲಗುವುದೂ ಚಿಕಿತ್ಸೆಯ ಒಂದು ಭಾಗ. ಒರೆಕ್ಸಿನ್ ಮಾಡುವ ಕೆಲಸವನ್ನೇ ಮಾಡುವ ಹೊಸ ಮಾತ್ರೆಯೊಂದು ಮೂರನೆಯ ಹಂತದ ಪ್ರಯೋಗಗಳಲ್ಲಿ ಒಳ್ಳೆಯ ಫಲ ಕೊಟ್ಟಿದೆ ಎಂದು 2025ರಲ್ಲಿ ಪ್ರಕಟವಾಯಿತು.

ಗೆಳೆಯರು ಮಾಡಬಹುದಾದದ್ದು

ಗೆಳೆಯನೊಬ್ಬ ಕ್ಯಾಟಪ್ಲೆಕ್ಸಿಯಿಂದ ಕುಸಿದರೆ ತಲೆಗೆ ಪೆಟ್ಟಾಗದಂತೆ ಹಿಡಿದು ಪಕ್ಕದಲ್ಲಿರಿ. ನೀರೆರಚುವುದು, ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಬಾಯಿಗೆ ಏನಾದರೂ ಹಾಕುವುದು ಬೇಡ. ಅವನಿಗೆ ಎಲ್ಲವೂ ಕೇಳಿಸುತ್ತಿದೆ ಎಂಬುದನ್ನು ನೆನಪಿಟ್ಟು ಮಾತನಾಡಿ. ನಿಮಿಷಗಳು ಕಳೆದರೂ ಚೇತರಿಸದಿದ್ದರೆ, ಅಥವಾ ಅವನ ಕಾಯಿಲೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ವೈದ್ಯರನ್ನು ಕರೆಸಿ. ಮಧ್ಯಾಹ್ನದ ಬಿಡುವಿನಲ್ಲಿ ಮಲಗಲು ಒಂದು ಜಾಗ ತೋರಿಸುವುದು, ತಪ್ಪಿಹೋದ ಪಾಠದ ನೋಟ್ಸು ಕೊಡುವುದು, ಪರೀಕ್ಷೆಗೆ ಮೊದಲು ಸ್ವಲ್ಪ ಹೊತ್ತು ಮಲಗಿಸಿ ಎಬ್ಬಿಸುವುದು ಇವೆಲ್ಲ ಸಣ್ಣ ಕೆಲಸಗಳು. ಅವನ್ನು ಮಾಡುವ ಒಬ್ಬ ಗೆಳೆಯನಿದ್ದರೆ ರೋಗಿ ಮುಚ್ಚಿಡಬೇಕಾದದ್ದು ಅಷ್ಟು ಕಡಿಮೆಯಾಗುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತರಗತಿಯಲ್ಲಿ ದಿನವೂ ನಿದ್ದೆಹೋಗುವ ಹುಡುಗನೊಬ್ಬನಿದ್ದ. ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಿಂತಲ್ಲೇ ಅವನು ತೂಗಿದಾಗ ಇಡೀ ತರಗತಿ ನಗುತ್ತಿತ್ತು, ನಾನೂ ನಗುತ್ತಿದ್ದೆ. ಒಂದು ವರ್ಷ ಬೇಸಿಗೆ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಅವನಿಗೆ ನಾರ್ಕೊಲೆಪ್ಸಿ ಇತ್ತೆಂದು ನಾನು ಹೇಳಲಾರೆ. ರಾತ್ರಿ ಎಲ್ಲಿಯೋ ದುಡಿಯುತ್ತಿದ್ದನೋ, ರಕ್ತಹೀನತೆ ಇತ್ತೋ, ಏನೋ. ಅವನನ್ನು ಪಕ್ಕಕ್ಕೆ ಕರೆದು ‘ಯಾಕೋ, ರಾತ್ರಿ ನಿದ್ದೆ ಬರಲ್ವಾ?’ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ವಿದ್ಯಾರ್ಥಿಮಿತ್ರರೇ, ನಿಮ್ಮ ತರಗತಿಯಲ್ಲಿ ಅಂಥವರಿದ್ದರೆ ನೀವಾದರೂ ಕೇಳಿ.

ತರಗತಿಯಲ್ಲಿ ಚರ್ಚಿಸಲು

1. ‘ಸೋಮಾರಿ’, ‘ಕುಂಭಕರ್ಣ’ ಎಂಬ ಮಾತುಗಳನ್ನು ನಾವು ಯಾವ ಯಾವ ಸಂದರ್ಭಗಳಲ್ಲಿ ಬಳಸುತ್ತೇವೆ? ಹಾಗೆ ಕರೆಯುವ ಮೊದಲು ಏನನ್ನು ವಿಚಾರಿಸಬೇಕು?

2. ನಾರ್ಕೊಲೆಪ್ಸಿ ದೇಹದ ಕಾಯಿಲೆ ಎಂಬುದನ್ನು ಸಾಬೀತುಪಡಿಸಲು ನಾಯಿಗಳ ಮೇಲಿನ ಅಧ್ಯಯನ ಹೇಗೆ ನೆರವಾಯಿತು?

3. ನಿಮ್ಮ ಶಾಲೆ ಅಥವಾ ಕಾಲೇಜಿನಲ್ಲಿ ಈ ಕಾಯಿಲೆ ಇರುವ ವಿದ್ಯಾರ್ಥಿಯೊಬ್ಬರು ಸೇರಿದರೆ ವೇಳಾಪಟ್ಟಿಯಲ್ಲಿ, ಪರೀಕ್ಷೆಯಲ್ಲಿ ಯಾವ ಅನುಕೂಲಗಳನ್ನು ಮಾಡಿಕೊಡಬಹುದು?